ರೈಟರ ಒಕ್ಕಣೆ

ಮಾರನಹಳ್ಳಿ ಬಳಿಯ ಎಸ್ಟೇಟ್ ಆಫೀಸಿನಲ್ಲಿ ನಾನು ಟೈಪು ಮಾಡುತ್ತಿದ್ದಾಗ, ಯಾರು ಕೆಲಸ ಬಿಟ್ಟರೂ ರಾಜೀನಾಮೆ ಬರೆದುಕೊಡುತ್ತಿದ್ದವರು ಆಳುಗಳ ಹಾಜರಿ ಹಿಡಿಯುವ ರೈಟರು. ಎಲ್ಲರಿಗೂ ಒಂದೇ ಇಂಗ್ಲಿಷು: ‘ಲೀವಿಂಗ್ ಟು ಎಕ್ಸ್‌ಪ್ಲೋರ್ ನ್ಯೂ ಆಪರ್ಚುನಿಟೀಸ್.’ ಬೆನ್ನುನೋವಿಗೆ ಕೆಲಸ ಬಿಟ್ಟ ಅಡುಗೆಯವಳು ಯಾವ ಹೊಸ ಅವಕಾಶ ಹುಡುಕಿಕೊಂಡು ಹೋಗುತ್ತಾಳೆ? ಟೈಪು ಮಾಡಿ ಮಾಡಿ ನನಗೆ ರೋಸಿಹೋಗಿತ್ತು. ನಾನು ರೇಗಿದರೆ ರೈಟರು ಕಿವಿಯ ಮೇಲಿನ ಪೆನ್ನು ತೆಗೆದು, “ಬರೀ ಬಿಡ್ತೀನಿ ಅಂದ್ರೆ ಓಡ್ಸುದ್ರು ಅಂತ ಓದ್ತಾರೆ ಕಣಮ್ಮ” ಎನ್ನುತ್ತಿದ್ದರು.

ಹಾಜರಿಗೆ ಮೊಬೈಲ್ ಆ್ಯಪ್ ಬಂದಾಗ ಮ್ಯಾನೇಜರು ರೈಟರಿಂದಲೇ ರಾಜೀನಾಮೆ ಕೇಳಿದರು.

“ಓಡ್ಸುದ್ರು ಅಂತ್ಲೇ ಬರೀರಿ ರೈಟ್ರೇ!” ಎಂದು ಕೂಗಾಡಿದೆ. ಅವರು ಎಂದಿನ ಒಕ್ಕಣೆಯನ್ನೇ ಬರೆದು ಮುಂದಿಟ್ಟರು. ಸಿಟ್ಟಿಗೆ ಬರೀ ‘ಲೀವಿಂಗ್’ ಎಂದಷ್ಟೇ ಟೈಪು ಮಾಡಿ ಕೊಟ್ಟೆ.

ಓದಿ, ಪೆನ್ನಿನಿಂದ ಕಾಗದ ತಟ್ಟಿದರು.

“ಎಕ್ಸ್‌ಪ್ಲೋರ್ ಎಲ್ಲೋಯ್ತಮ್ಮ?”