ಅಡುಗೆಮನೆ ಮುಂದಕ್ಕೆ ಬಂದದ್ದು

ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಜೀವಮಾನದಲ್ಲಿ ಯಾರ ಮೇಲೂ ಕೂಗಾಡಿದವಳಲ್ಲ. ಕೂಗಾಡುವವರು ಸಂಜೆಯೊಳಗೆ ಮರೆತು ಟೀ ಕುಡಿಯುತ್ತಾರೆ. ದೊಡ್ಡಮ್ಮ ಒಂದೇ ಒಂದು ಸಿಟ್ಟನ್ನು ಇಪ್ಪತ್ತಾರು ವರ್ಷ ಬೂಷ್ಟು ಹಿಡಿಯದಂತೆ ಇಟ್ಟುಕೊಂಡಿದ್ದಳು. ಕೊನೆಗೆ ಮನೆ ರಿಪೇರಿ ಮಾಡಿಸಿ ಆ ಸೇಡು ತೀರಿಸಿಕೊಂಡಳು. ತೀರಿತೋ ಇಲ್ಲವೋ ಅದು ಬೇರೆ ಮಾತು, ಹೇಳುತ್ತೇನೆ.

ಸಿಟ್ಟಿಗೆ ಕಾರಣ ಒಂದು ಕಿಟಕಿ. ಇಪ್ಪತ್ತೆರಡನೇ ವಯಸ್ಸಿಗೆ ಮದುವೆಯಾಗಿ ಆ ಮನೆಗೆ ಬಂದಾಗ ಹಿಂದಿನ ಅಡುಗೆಮನೆಯಲ್ಲಿ, ಸಿಂಕಿನ ಮೇಲೆ, ಪಕ್ಕದ ಓಣಿಗೆ ತೆರೆಯುವ ಒಂದು ಕಿಟಕಿ ಇತ್ತು. ಓಣಿಯ ಆಚೆ ಇನ್ನೊಂದು ಅಡುಗೆಮನೆ, ಅಲ್ಲಿ ಇವಳದೇ ವಯಸ್ಸಿನ, ಹೊಲಿಗೆ ಮಾಡುವ ಒಬ್ಬ ಹುಡುಗಿ. ಇಬ್ಬರೂ ಈರುಳ್ಳಿ ಹೆಚ್ಚುತ್ತಾ ಕಣ್ಣಲ್ಲಿ ನೀರು ಹಾಕಿಕೊಂಡು ನಗುತ್ತಿದ್ದರಂತೆ. ಹೊಸ ಮನೆಯಲ್ಲಿ ದೊಡ್ಡಮ್ಮನಿಗೆ ನಗಲು ಇದ್ದದ್ದು ಅದೊಂದೇ ಜಾಗ. ಮೂರನೇ ತಿಂಗಳು ಅವಳು ನಾಲ್ಕು ದಿನಕ್ಕೆ ತವರಿಗೆ ಹೋಗಿ ಬರುವಷ್ಟರಲ್ಲಿ ಕಿಟಕಿ ಇದ್ದಲ್ಲಿ ಗೋಡೆ ಇತ್ತು. ಗಾರೆ ಇನ್ನೂ ಹಸಿ. "ಓಣಿಯಿಂದ ಧೂಳು ಬರುತ್ತೆ, ಮುಚ್ಚಿಸಿದೆ" ಎಂದರು ಅತ್ತೆ. ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ, ಇಲ್ಲೂ ಹಾಗೇ ಅನ್ನುತ್ತೇನೆ.

ಧೂಳೂ ಇಲ್ಲ, ಮಣ್ಣೂ ಇಲ್ಲ. ಸೊಸೆ ನಗುವುದು ಅಜ್ಜಿಗೆ ಸೇರಲಿಲ್ಲ, ಅಷ್ಟೇ. ದೊಡ್ಡಪ್ಪ ಪೇಪರಿನಿಂದ ತಲೆ ಎತ್ತದೆ "ಹೌದಾ" ಎಂದರಂತೆ. ದೊಡ್ಡಮ್ಮ "ಆಯ್ತು ಅತ್ತೆ" ಎಂದು ಟ್ಯೂಬ್‌ಲೈಟ್ ಹಾಕಿದಳು. ಯಾಕೆ ಎಂದು ಕೇಳಿದರೆ ಗೋಗರೆದ ಹಾಗಾಗುತ್ತದೆ, ಆ ಸುಖ ಅವರಿಗೆ ಕೊಡಬಾರದು ಎಂದು ಹಲ್ಲು ಕಚ್ಚಿ ಸುಮ್ಮನಾದಳು. ಅಂದಿನಿಂದ ಹಾಡುಹಗಲು ಹನ್ನೊಂದು ಗಂಟೆಗೂ ಆ ಅಡುಗೆಮನೆಯಲ್ಲಿ ದೀಪ ಉರಿಯಿತು. ಇಬ್ಬರು ಮಕ್ಕಳಾದರು, ಬೆಳೆದರು, ಅವರವರ ದಾರಿ ನೋಡಿಕೊಂಡರು. ಹೊಲಿಗೆಯ ಹುಡುಗಿ ಮನೆ ಖಾಲಿ ಮಾಡಿಕೊಂಡು ಹೋದಳು, ಹೋದದ್ದು ಇವಳಿಗೆ ಗೊತ್ತಾದದ್ದು ವಾರದ ಮೇಲೆ. ಹೊರಗೆ ಮಳೆ ಬರುತ್ತಿದೆ ಎಂದು ಬೇರೆ ಯಾರಾದರೂ ಹೇಳಬೇಕಿತ್ತು.

ಆದರೆ ಅವಳು ಸುಮ್ಮನೆ ಕೂತಿರಲಿಲ್ಲ. ಬೀದಿಯಲ್ಲಿ ಯಾರ ಮನೆ ಕೆಲಸ ನಡೆದರೂ ತರಕಾರಿ ಚೀಲ ಹಿಡಿದು ಅರ್ಧ ಗಂಟೆ ನಿಂತು ನೋಡುತ್ತಿದ್ದಳು. ಪೈಪಿಗೆ ಇಳಿಜಾರು ಎಷ್ಟು ಬೇಕು, ಯಾರಾದ ಮೇಲೆ ಯಾರು ಬರಬೇಕು, ಎಲ್ಲ ಕೇಳಿ ತಿಳಿದಿದ್ದಳು. ಏತಕ್ಕೆ ಎಂದು ಅವಳಿಗೂ ಆಗ ಗೊತ್ತಿರಲಿಲ್ಲವಂತೆ. ನಾನು ನಂಬುವುದಿಲ್ಲ.

ಎಪ್ಪತ್ತಾರಕ್ಕೆ ಅಜ್ಜಿಯ ಮಂಡಿ ಕೈಕೊಟ್ಟಿತು. ಮೆಟ್ಟಿಲು ಹತ್ತಬಾರದು ಎಂದರು ಡಾಕ್ಟರು. ಅವರ ರೂಮು ಮಹಡಿಯ ಮೇಲಿತ್ತು, ಈಗ ಕೆಳಗೆ ಬಾತ್‌ರೂಮಿನ ಸಮೇತ ಒಂದು ರೂಮು ಬೇಕು. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯನ್ನೇ ಅಮ್ಮನಿಗೆ ಕೊಡೋಣ ಎಂದರು ದೊಡ್ಡಪ್ಪ. ಎರಡು ದೊಡ್ಡ ಕಿಟಕಿಗಳ ಕೋಣೆ ಅದು, ಬೆಳಗಿನ ಬಿಸಿಲು ಎದುರು ಗೋಡೆಯವರೆಗೆ ಬರುತ್ತಿತ್ತು. ದೊಡ್ಡಮ್ಮ ಬೇಡ ಎನ್ನಲಿಲ್ಲ. ಕೆಲಸದವರನ್ನು ಒಂದು ಮಾತು ಕೇಳೋಣ ಎಂದಳು.

ಅವಳ ಮಸಲತ್ತು ಇಷ್ಟೇ. ಒಬ್ಬೊಬ್ಬರನ್ನು ಒಂದೊಂದು ದಿನ ಕರೆದು, ಒಬ್ಬೊಬ್ಬರಿಗೆ ಒಂದೇ ಪ್ರಶ್ನೆ ಕೇಳಿದಳು. ಮುಂದಿನ ಕೋಣೆಗೆ ಟಾಯ್ಲೆಟ್ ಮಾಡಿದರೆ ನೀರು ಹೇಗೆ ಹೋಗುತ್ತದೆ ಎಂದು ಪ್ಲಂಬರನಿಗೆ. ಅವನು ಸುತ್ತು ಹಾಕಿ ನೋಡಿ, ಒಳಚರಂಡಿಯ ಚೇಂಬರ್ ಇರುವುದು ಮನೆಯ ಹಿಂದೆ, ನಾಲ್ಕಿಂಚಿನ ಪೈಪು ಇಡೀ ಹಾಲ್ ಅಗೆದು ಬರಬೇಕು, ಅಡುಗೆಮನೆ ಪಕ್ಕದ ಸ್ಟೋರ್ ರೂಮಾದರೆ ಗೋಡೆಯ ಆಚೆಗೇ ಚೇಂಬರ್, ಮೂರು ದಿನದ ಕೆಲಸ ಎಂದ. ಅಡುಗೆಮನೆ ಎಲ್ಲಿದ್ದರೂ ಆಗುತ್ತದೆ, ಸಿಂಕಿನ ನೀರಿಗೆ ಸಣ್ಣ ಪೈಪು ಹೊರಗೋಡೆಗುಂಟ ಓಡಿಸಬಹುದು ಎಂದೂ ಸೇರಿಸಿದ. ಎಲೆಕ್ಟ್ರಿಷಿಯನ್‌ಗೆ ಗೀಸರ್‌ಗೆ ಬೇಕಾದ ದಪ್ಪ ವೈರು ಈಗ ಎಲ್ಲಿಯವರೆಗೆ ಬಂದಿದೆ ಎಂದು ಕೇಳಿದಳು. ಅಡುಗೆಮನೆಯವರೆಗೆ. ಗಾರೆ ಮೇಸ್ತ್ರಿಗೆ ಯಾವ ಗೋಡೆಯಲ್ಲಿ ಬಾಗಿಲು ಕೊರೆದರೆ ಮನೆಗೆ ತೊಂದರೆಯಿಲ್ಲ ಎಂದು. ಅಡುಗೆಮನೆಗೂ ಸ್ಟೋರಿಗೂ ನಡುವಿನ ತೆಳು ಗೋಡೆ. ಬಡಗಿಯಂತೂ ಮುಂದಿನ ಕೋಣೆಯ ಉದ್ದ ಅಳೆದು, ಅಡುಗೆ ಕಪಾಟುಗಳಿಗೆ ಹೇಳಿ ಮಾಡಿಸಿದ ಗೋಡೆ ಎಂದ.

ಒಂದು ಭಾನುವಾರ ನಾಲ್ವರನ್ನೂ ದೊಡ್ಡಪ್ಪನ ಮುಂದೆ ಕೂರಿಸಿ ಟೀ ಕೊಟ್ಟಳು. ಕಪ್ಪು ಖಾಲಿಯಾಗುವುದರೊಳಗೆ ಅಡುಗೆಮನೆ ಮುಂದಕ್ಕೆ ಬಂದಿತ್ತು, ಅಜ್ಜಿಯ ಮಂಚ ಹಿಂದಿನ ಹಳೆಯ ಅಡುಗೆಮನೆಗೆ ಹೋಗಿತ್ತು, ಸ್ಟೋರ್ ರೂಮು ಬಾತ್‌ರೂಮಾಗಿತ್ತು. ನೀನೇನಂತೀಯ ಎಂದು ದೊಡ್ಡಪ್ಪ ಇವಳ ಕಡೆ ತಿರುಗಿದರಂತೆ. "ನನಗೇನ್ರೀ ಗೊತ್ತಾಗುತ್ತೆ, ತಿಳಿದವರು ಹೇಳ್ತಿದ್ದಾರೆ" ಎಂದಳಂತೆ ದೊಡ್ಡಮ್ಮ. ಇದನ್ನು ನನಗೆ ಹೇಳುವಾಗ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನನಗೂ ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಅಜ್ಜಿಯನ್ನು ಎರಡು ತಿಂಗಳು ಮಗಳ ಮನೆಗೆ ಕಳಿಸಿ ಕೆಲಸ ಶುರು ಮಾಡಿದರು. ನಾನು ರಜೆ ಹಾಕಿ ಸಹಾಯಕ್ಕೆ ಹೋಗಿದ್ದೆ. ಸಹಾಯ ಏನು ಬಂತು, ಟೀ ಕಾಸುವುದು, ದೊಡ್ಡಮ್ಮನ ದರ್ಬಾರು ನೋಡುವುದು. ವೈರಿನ ಪೈಪು ಗೋಡೆಯೊಳಗೆ ಕೂತು, ಅವಳು ಮೊಬೈಲಿನಲ್ಲಿ ಫೋಟೋ ತೆಗೆಯುವವರೆಗೆ ಗಾರೆಯವರು ಕರಣೆ ಮುಟ್ಟುವಂತಿಲ್ಲ. ಬಾತ್‌ರೂಮಿನ ನೆಲದಲ್ಲಿ ಎರಡು ದಿನ ನೀರು ನಿಲ್ಲಿಸಿ, ಒಂದು ಹನಿಯೂ ಇಳಿದಿಲ್ಲ ಎಂದು ಅವಳೇ ಹೊರಗೋಡೆ ಸವರಿ ನೋಡುವವರೆಗೆ ಟೈಲ್ಸ್‌ನವನು ಒಳಗೆ ಕಾಲಿಡುವಂತಿಲ್ಲ. ಬಂದವರೆಲ್ಲ ಹಿಂದಿನವನನ್ನು ಬೈಯುತ್ತಲೇ ಕೆಲಸ ಹಿಡಿಯುತ್ತಿದ್ದರು. ನೆಲ ಮಟ್ಟಕ್ಕಿಲ್ಲ ಎಂದು ಟೈಲ್ಸ್‌ನವನು, ಮನೆಯಲ್ಲಿ ಒಂದು ಮೂಲೆಯೂ ನೆಟ್ಟಗಿಲ್ಲ ಎಂದು ಬಡಗಿ, ಗೋಡೆಗೆ ಸಿಡುಬು ಬಂದಿದೆಯೇ ಎಂದು ಪೇಂಟರ್. ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಬೈದವನ ಮಾತು ನಿಜವಾಗಿದ್ದರೆ ಬೈಸಿಕೊಂಡವನನ್ನು ಮರುದಿನ ಕರೆಸಿ ಸರಿ ಮಾಡಿಸುತ್ತಿದ್ದಳು. ಸೇಡಿನ ಕೆಲಸವಾದರೂ ಕಳಪೆಯಾಗಬಾರದು ಎಂಬ ಹಟ ಅವಳಿಗೆ.

ಹಿಂದಿನ ಅಡುಗೆಮನೆಯ ಹಳೆಯ ಗಾರೆ ಕೆರೆಯುವ ದಿನ ಮೇಸ್ತ್ರಿಯ ಉಳಿಯ ಸದ್ದು ಒಂದು ಕಡೆ ಬದಲಾಯಿತು. ಅವನು ಕಿವಿಯಿಟ್ಟು ತಟ್ಟಿ ನೋಡಿ, ಇನ್ನಷ್ಟು ಕೆರೆದ. ಮರದ ಚೌಕಟ್ಟಿನ ಅಂಚು ಕಾಣಿಸಿತು.

"ಅಮ್ಮಾ, ಇಲ್ಲಿ ಕಿಟಕಿ ಇತ್ತು. ಚೌಕಟ್ಟು ಗಟ್ಟಿಯಾಗೇ ಇದೆ. ಅರ್ಧ ದಿನದ ಕೆಲಸ, ತೆಗೆದುಬಿಡ್ಲಾ?"

"ಬೇಡ. ಧೂಳು ಬರುತ್ತೆ."

"ಮಲಗೋ ರೂಮಿಗೆ ಕಿಟಕಿ ಬೇಡ್ವಾ?"

ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ, ಇಲ್ಲಿ ಕಿಟಕಿ ಇತ್ತಾ ಎಂದು ಆಶ್ಚರ್ಯಪಟ್ಟರು. ಅವರನ್ನು ಆಗ ದೊಡ್ಡಮ್ಮ ನೋಡಿದ ರೀತಿಗೆ ನಾನಾಗಿದ್ದರೆ ಊರು ಬಿಡುತ್ತಿದ್ದೆ. ಮೇಸ್ತ್ರಿ ಅದರ ಮೇಲೆಯೇ ಹೊಸ ಗಾರೆ ಬಳಿದ. ಸಂಜೆ ಅವಳು ಆ ಹಸಿ ಗೋಡೆಯ ಮುಂದೆ ನಿಂತು ನನಗೆ ಹೇಳಿದಳು, ಅಜ್ಜಿ ಬಂದು ಇಲ್ಲಿ ಕಿಟಕಿ ಯಾಕಿಲ್ಲ ಎಂದು ಒಂದೇ ಒಂದು ಸಲ ಕೇಳಬೇಕು, ಆಗ ಹೇಳಬೇಕಾದ ಮಾತೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ ಎಂದು. ಆ ಒಂದು ಪ್ರಶ್ನೆಗಾಗಿಯೇ ಅವಳು ಮನೆಯನ್ನೆಲ್ಲ ಹಿಂದುಮುಂದು ಮಾಡಿದ್ದಳು.

ಅಜ್ಜಿ ಬಂದರು. ಹೊಸ ರೂಮಿನ ಬಾಗಿಲಲ್ಲಿ ಕೋಲು ಊರಿ ನಿಂತರು. ಬಾತ್‌ರೂಮಿನ ಹಿಡಿಕಂಬಿ ಹಿಡಿದು ನೋಡಿದರು, ಮಂಚದ ಪಕ್ಕದ ಸ್ವಿಚ್ಚು ಒತ್ತಿದರು. ಆ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದರು. ಚೆನ್ನಾಗಿದೆ ಎಂದು ಮಲಗಿಕೊಂಡರು.

ಮರುದಿನವೂ ಕೇಳಲಿಲ್ಲ. ವಾರವಾಯಿತು, ತಿಂಗಳಾಯಿತು. ನೋಡಲು ಬಂದವರ ಹತ್ತಿರವೆಲ್ಲ ಅಜ್ಜಿ ಸೊಸೆಯ ಗುಣಗಾನ ಮಾಡಿದರು. ಬೀದಿಯ ಗಲಾಟೆಯಿಲ್ಲ, ಗಾಳಿಯ ಕಾಟವಿಲ್ಲ, ಎಷ್ಟು ಯೋಚನೆ ಮಾಡಿ ಮಾಡಿಸಿದ್ದಾಳೆ ಎಂದು. ದೊಡ್ಡಮ್ಮ ಎರಡು ಕಿಟಕಿಗಳ ಬಿಸಿಲಿನಲ್ಲಿ ನಿಂತು ಹಾಲು ಉಕ್ಕಿಸಿದಳು, ಕೈ ಸುಟ್ಟುಕೊಂಡಳು. ಬೀದಿ ನೋಡುವಷ್ಟು ಪುರಸೊತ್ತು ಎಲ್ಲಿತ್ತು, ಕಿವಿಯೆಲ್ಲ ಹಿಂದಿನ ರೂಮಿನಲ್ಲಿತ್ತಲ್ಲ. "ಇವತ್ತೂ ಕೇಳ್ಲಿಲ್ಲ ಕಣೇ" ಎಂದು ನನಗೆ ದಿನಾ ಫೋನು.

ಮೂರು ತಿಂಗಳಿಗೆ ಅವಳ ತಾಳ್ಮೆ ಕೆಟ್ಟಿತು. ಬೆಳಗ್ಗೆ ಹನ್ನೊಂದಕ್ಕೆ ಟೀ ತೆಗೆದುಕೊಂಡು ಹೋದಾಗ ಅಜ್ಜಿ ದೀಪದ ಬೆಳಕಿನಲ್ಲಿ ಕನ್ನಡಕಕ್ಕಾಗಿ ಹಾಸಿಗೆ ತಡಕುತ್ತಿದ್ದರು.

"ಕತ್ತಲೆ ಅನ್ಸಲ್ವಾ ಅತ್ತೆ?"

ಮಾತು ಬಾಯಿಂದ ಬಿದ್ದ ಕೂಡಲೇ ಕೆಟ್ಟೆ ಅನ್ನಿಸಿತಂತೆ ಅವಳಿಗೆ. ಅಜ್ಜಿ ಕನ್ನಡಕ ಹಾಕಿಕೊಂಡು ಅವಳ ಮುಖ ನೋಡಿದರು.

"ಅನ್ಸುತ್ತೆ. ಮೊದಲನೇ ದಿನದಿಂದಾನೂ ಅನ್ಸುತ್ತೆ. ನೀನಾಗೇ ಬಾಯಿ ಬಿಡ್ತೀಯಾ ಅಂತ ಕಾಯ್ತಾ ಇದ್ದೆ."

ಆಗ ದೊಡ್ಡಮ್ಮ ಇಪ್ಪತ್ತಾರು ವರ್ಷದ್ದನ್ನೂ ಸುರಿದಳು. ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ, ಅಳುವೇ ಜಾಸ್ತಿ. ಅಜ್ಜಿ ಕಪ್ಪು ಕೈಯಲ್ಲಿ ಹಿಡಿದು ಕೊನೆಯವರೆಗೂ ಕೇಳಿದರು.

"ಹೌದು, ಮುಚ್ಚಿಸಿದೆ. ನೀನು ನಗೋದು ಕೇಳಿದ್ರೆ ನನಗೆ ಮೈ ಉರೀತಿತ್ತು. ಎರಡು ದಿನ ಮೂತಿ ಊದಿಸ್ಕೊಂಡು ಆಮೇಲೆ ಬಂದು ಕೇಳ್ತಾಳೆ, ಆಗ ತೆಗೆಸಿಕೊಡೋಣ ಅಂತ ಇದ್ದೆ. ನೀನು ಕೇಳ್ಲೇ ಇಲ್ಲ. ಒಂದು ಸಲ ಕೇಳಿದ್ರೆ ತೆಗೆಸ್ತಿದ್ದೆ." ಟೀ ಒಂದು ಗುಟುಕು ಕುಡಿದು ಮುಂದುವರಿಸಿದರು. "ನಾನೀಗ ಕೇಳ್ತಾ ಇದ್ದೀನಿ ನೋಡು. ನನಗೆ ಕತ್ತಲೆ ಆಗುತ್ತೆ. ಕಿಟಕಿ ತೆಗೆಸು."

ಗುರುವಾರ ಮೇಸ್ತ್ರಿ ಬಂದ. ಅವನು ಹೇಳಿದಂತೆ ಅರ್ಧ ದಿನದ ಕೆಲಸ. ನನಗೆ ಸುದ್ದಿ ಗೊತ್ತಾದಾಗ ಮೈಯೆಲ್ಲ ಉರಿಯಿತು. ಯಾಕೆ ತೆಗೆಸಿದೆ, ಇನ್ನೊಂದು ವರ್ಷ ಇರಲಿ ಅನ್ನಬೇಕಿತ್ತು ಎಂದು ಅವಳನ್ನೇ ಬೈದೆ.

"ತೆಗೆಸದೇ ಇದ್ದಿದ್ರೆ ನಾನು ಅವರಿಗಿಂತ ಕಡೆ ಆಗ್ತಿದ್ದೆ" ಎಂದಳು. "ತೆಗೆಸಿದ್ದಕ್ಕೆ, ಕೇಳಿದ್ರೆ ಸಾಕಿತ್ತು ಅನ್ನೋದನ್ನ ನಾನೇ ಒಪ್ಕೊಂಡ ಹಾಗಾಯ್ತು. ಇಪ್ಪತ್ತಾರು ವರ್ಷ ಕಣೇ."

ಅದು ಶುದ್ಧ ಸುಳ್ಳು, ಅಜ್ಜಿ ತೆಗೆಸುವ ಪೈಕಿಯೇ ಅಲ್ಲ, ನಿನ್ನ ಹೊಟ್ಟೆ ಉರಿಸಲು ಹಾಗೆ ಹೇಳಿದ್ದಾರೆ ಎಂದು ನಾನು ನೂರು ಸಲ ಹೇಳಿದೆ. ಇರಬಹುದು ಎನ್ನುತ್ತಿದ್ದಳು. ಮತ್ತೆ ಎರಡು ದಿನಕ್ಕೆ ಫೋನು ಮಾಡಿ, ನಿಜವೇ ಆಗಿದ್ದರೆ ಎನ್ನುತ್ತಿದ್ದಳು. ಅಜ್ಜಿ ಇನ್ನೂ ನಾಲ್ಕು ವರ್ಷ ಇದ್ದರು, ನೆನಪಿನ ಶಕ್ತಿ ಒಂದಿಷ್ಟೂ ಕುಂದಿರಲಿಲ್ಲ. ದಿನಕ್ಕೆ ನಾಲ್ಕು ಸಲ ದೊಡ್ಡಮ್ಮ ಆ ರೂಮಿಗೆ ಟೀ, ಊಟ, ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದಳು. ಅವತ್ತು ಹೇಳಿದ್ದು ನಿಜವಾ ಎಂದು ಯಾವತ್ತು ಬೇಕಾದರೂ ಕೇಳಬಹುದಿತ್ತು. ಅವಳು ಕೇಳಲಿಲ್ಲ. ಅಜ್ಜಿ ತೀರಿಕೊಂಡು ಈಗ ಎರಡು ವರ್ಷ.