ಅಲುಗಿದ ಚೆಂಡು

ನಾನು ಕೂತಲ್ಲಿ ಕೂರುವವಳಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು ಹೀಗೆ ಹೇಳಿದರೆ ಜನ ನಗುತ್ತಾರೆ. ದಿನವಿಡೀ ಹುಡುಗರಿಗೆ ಗಲಾಟೆ ಮಾಡಬೇಡಿ ಎನ್ನುತ್ತಾ ನಾನೇ ಮೇಜಿನ ಕೆಳಗೆ ಕಾಲು ಕುಣಿಸುತ್ತಿರುತ್ತೇನೆ. ಇಂಥವಳಿಗೆ ಪೂಲ್ ಆಟ ಕಲಿಸುವ ಸಾಹಸ ಮಾಡಿದವನು ನನ್ನ ಅಣ್ಣ. ಕೃಷ್ಣಮೂರ್ತಿಪುರಂನಲ್ಲಿ ಅವನದೊಂದು ಕನ್ನಡಕದ ಅಂಗಡಿ. ಅದೇ ಬೀದಿಯ ಕೊನೆಯಲ್ಲಿ ಮಹಡಿಯ ಮೇಲೆ ಒಂದೇ ಒಂದು ಟೇಬಲ್ ಇರುವ ಪೂಲ್ ಹಾಲ್. "ಎರಡು ನಿಮಿಷ ಸುಮ್ನೆ ನಿಂತ್ಕೊಳೋದು ಕಲಿ, ಆಮೇಲೆ ಕೋಲು ಕೊಡ್ತೀನಿ" ಎಂದಿದ್ದ ಮೊದಲ ದಿನ. ಅದನ್ನು ನಾನು ಇವತ್ತಿಗೂ ಕಲಿತಿಲ್ಲ. ಕೋಲು ಮಾತ್ರ ಕಿತ್ತುಕೊಂಡೆ.

ಆಟವೇನೋ ಸುಲಭ. ಬಿಳಿ ಚೆಂಡಿನಿಂದ ಹೊಡೆದು ನಮ್ಮ ಪಾಲಿನ ಏಳು ಚೆಂಡುಗಳನ್ನು ಗುಂಡಿಗೆ ಬೀಳಿಸಬೇಕು, ಕೊನೆಗೆ ಕರಿ ಚೆಂಡನ್ನು. ಇಷ್ಟು ಎಲ್ಲ ಕಡೆಯೂ ಒಂದೇ. ತಪ್ಪಾದರೆ ಏನು ಎಂಬುದು ಮಾತ್ರ ಬಡಾವಣೆಗೊಂದು ಥರ. ಮದುವೆಯಾಗಿ ರಾಜೀವನಗರಕ್ಕೆ ಬಂದ ಮೇಲೆ ನನಗಿದು ಗೊತ್ತಾಯಿತು. ಅಲ್ಲಿನ ಹಾಲ್‌ನಲ್ಲಿ ಫೌಲ್ ಆದರೆ ಎದುರಾಳಿಗೆ ಎರಡು ಹೊಡೆತ. ಸಾಲದ್ದಕ್ಕೆ, ಕೇರಂನಲ್ಲಿ ಸ್ಟ್ರೈಕರ್ ಗುಂಡಿಗೆ ಬಿದ್ದಾಗ ಕಾಯಿನ್ ವಾಪಸ್ ಇಡುವಂತೆ, ನಾವು ಹಾಕಿದ ಒಂದು ಚೆಂಡು ಮತ್ತೆ ಟೇಬಲ್ಲಿನ ಮೇಲೆ. ಮೊದಲ ಹೊಡೆತದಲ್ಲಿ ಗುಂಪನ್ನು ಚದುರಿಸು, ಎರಡನೆಯದರಲ್ಲಿ ಹಾಕು. ಗದ್ದಲದ, ಧಾವಂತದ ಆಟ. ನನ್ನ ಜಾಯಮಾನಕ್ಕೆ ಹೇಳಿ ಮಾಡಿಸಿದಂತಿತ್ತು.

ಮದುವೆಯಾದ ಮೇಲೂ ಭಾನುವಾರ ನಾನು ಹೋಗುತ್ತಿದ್ದ, ಅಣ್ಣ ಆಡುವ ಹಾಲ್‌ನಲ್ಲಿ ಹಾಗಲ್ಲ. ಅಲ್ಲಿ ಫೌಲ್ ಆದರೆ ಎದುರಾಳಿ ಬಿಳಿ ಚೆಂಡನ್ನು ಟೇಬಲ್ಲಿನ ಒಂದು ಗೆರೆಯ ಹಿಂದೆ ಇಟ್ಟು ಮುಂದಕ್ಕೇ ಹೊಡೆಯಬೇಕು. ಅವನ ಚೆಂಡುಗಳೆಲ್ಲ ಗೆರೆಯ ಹಿಂದೆಯೇ ಕೂತಿದ್ದರೆ ಅವನ ಕಥೆ ಮುಗಿಯಿತು. ಅಣ್ಣ ಅದನ್ನೇ ಕಾಯುತ್ತಿದ್ದ. "ಈಗ ಬೇಕಂತ್ಲೇ ಫೌಲ್ ಹೊಡೀತೀನಿ, ನೋಡು" ಎಂದು ಹೇಳಿಯೇ ಹೊಡೆದು ನನ್ನನ್ನು ಕಟ್ಟಿಹಾಕುತ್ತಿದ್ದ. ನಾನು ಕೂಗಾಡಿದರೆ "ರೂಲ್ಸಲ್ಲಿದೆ ಕಣೇ" ಎಂದು ನಗುತ್ತಿದ್ದ. ಮೈಯೆಲ್ಲ ಉರಿದುಹೋಗುತ್ತಿತ್ತು.

ಅಲ್ಲಿ ಇನ್ನೊಂದು ನಿಯಮವೂ ಇತ್ತು. ಕೈಯೋ ತೋಳೋ ಬಟ್ಟೆಯೋ ಯಾವ ಚೆಂಡಿಗೆ ತಾಗಿದರೂ ಫೌಲ್. ತಾಗಿಸಿದವರೇ ಬಾಯಿಬಿಟ್ಟು "ಮುಟ್ಟಿತು" ಅನ್ನಬೇಕು. ಅಂಪೈರ್ ಇಲ್ಲ, ಇನ್ನೊಬ್ಬರು ಬೆರಳು ತೋರಿಸುವ ಪದ್ಧತಿಯೂ ಇಲ್ಲ. ಪ್ಯಾಂಟು ಶರ್ಟಿನ ಗಂಡಸರು ಮಾಡಿಕೊಂಡ ಈ ನಿಯಮದಿಂದ ಪೆಟ್ಟು ತಿಂದವಳು ಚೂಡಿದಾರ್ ಹಾಕುವ ನಾನೊಬ್ಬಳೇ. ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿದರೂ ಅದು ಹೇಗೋ ಜಾರಿ ಯಾವುದೋ ಚೆಂಡನ್ನು ಸವರುತ್ತಿತ್ತು. "ಮುಟ್ಟಿತು, ಮುಟ್ಟಿತು" ಎಂದು ಹಲ್ಲು ಕಡಿಯುತ್ತಲೇ ಹೇಳುತ್ತಿದ್ದೆ. ಆದರೂ ಒಂದು ಸಲವೂ ಮುಚ್ಚಿಟ್ಟವಳಲ್ಲ.

ಹೋದ ವರ್ಷ ಗೋಕುಲಂನ ಒಂದು ಕೆಫೆಯವರು ತಮ್ಮ ಟೇಬಲ್ಲಿನಲ್ಲಿ ಭಾನುವಾರ ಜೋಡಿ ಪಂದ್ಯ ಇಟ್ಟುಕೊಂಡು ಅಣ್ಣನ ಹಾಲ್‌ನವರನ್ನೂ ಕರೆದರು. ಅಣ್ಣನ ಖಾಯಂ ಜೊತೆಗಾರನಿಗೆ ಬೆನ್ನು ಹಿಡಿದುಕೊಂಡಿತ್ತು. "ನನ್ ತಂಗೀನ ಕರ್ಕೊಂಡೋಗ್ತೀನಿ" ಎಂದ ಅಣ್ಣ. ನಾನು ಅಲ್ಲೇ ನಿಂತಿದ್ದೆ. ಹಾಲ್‌ಗೆ ದಿನಾ ಬರುವ ರಿಟೈರ್ಡ್ ಮೇಷ್ಟ್ರೊಬ್ಬರು ತಲೆಯಾಡಿಸಿದರು.

"ಆಟ ಏನೋ ಆಡ್ತಾರೆ ಕಣ್ರೀ, ಆದ್ರೆ ಆತುರ ಜಾಸ್ತಿ."

"ಆತುರ ನಿಜ ಸಾರ್" ಎಂದ ಅಣ್ಣ. "ಆದ್ರೆ ಅವ್ಳು ಟೇಬಲ್ ಹತ್ರ ಇದ್ರೆ ನಾನು ನೋಡ್ತಾ ಕೂರ್‌ಬೇಕಾಗಿಲ್ಲ. ತಪ್ಪಾದ್ರೆ ಅವ್ಳೇ ಹೇಳ್ತಾಳೆ."

ನನ್ನ ಬಗ್ಗೆ ಅವನು ನಾಲ್ಕು ಜನರ ಮುಂದೆ ಆಡಿದ ಒಂದೇ ಒಂದು ಒಳ್ಳೆಯ ಮಾತು ಅದು. ಚಿಕ್ಕಂದಿನಿಂದ ಅವನ ಬಾಯಲ್ಲಿ ನಾನು ತಿಕ್ಕಲು, ಬಡಬಡಕಿ, ಕಾಲಿಗೆ ಚಕ್ರ ಕಟ್ಟಿಕೊಂಡವಳು. ಆ ದಿನ ಖುಷಿಗಿಂತ ಹೆಚ್ಚಾಗಿ ಭಯವಾಯಿತು. ಈ ಮಾತು ಉಳಿಯಬೇಕು, ಅವನು ಮುಂದೆಯೂ ನನ್ನನ್ನೇ ಜೊತೆಗೆ ಕರೆಯಬೇಕು ಅಂತ ಜೀವ ಹಾತೊರೆಯತೊಡಗಿತು. ಆ ವಾರ ನನಗೆ ನೆಟ್ಟಗೆ ನಿದ್ದೆಯಿಲ್ಲ.

ಕೆಫೆಯ ಯಜಮಾನರು ಶುರುವಿಗೇ ನಿಯಮ ಹೇಳಿಬಿಟ್ಟರು. "ಫೌಲ್ ಆದ್ರೆ ಎದುರಿನವ್ರು ಬಿಳಿ ಬಾಲ್ ಎಲ್ಲಿ ಬೇಕಾದ್ರೂ ಇಟ್ಟು ಹೊಡೀಬಹುದು. ಬಟ್ಟೆ ಗಿಟ್ಟೆ ಬೇರೆ ಬಾಲ್‌ಗೆ ತಾಗಿದ್ರೆ ಫೌಲ್ ಇಲ್ಲ. ಎದುರಿನವ್ರಿಗೆ ಹೇಳಿ. ಬೇಕು ಅಂದ್ರೆ ಅವ್ರು ಅದನ್ನ ಮೊದಲಿದ್ದ ಕಡೆ ಇಡ್ತಾರೆ, ಅಷ್ಟೇ."

ನಮ್ಮ ಎದುರು ಆಡಿದವರು ಯೋಗ ಕಲಿಯಲು ಬಂದಿದ್ದ ಒಬ್ಬ ಎತ್ತರದ ವಿದೇಶಿ ಹೆಂಗಸು, ಮತ್ತೆ ಅದೇ ಬೀದಿಯ ಮೆಡಿಕಲ್ ಸ್ಟೋರಿನವರು. ಮೂರರಲ್ಲಿ ಎರಡು ಆಟ ಗೆದ್ದವರಿಗೆ ಪಂದ್ಯ. ಮೊದಲ ಆಟದಲ್ಲಿ ಅಣ್ಣ ತನ್ನ ಹಳೇ ಚಾಳಿ ತೆಗೆದ. ಸಿಕ್ಕಿಹಾಕಿಕೊಂಡ ಕಡೆ ಬೇಕೆಂದೇ ಫೌಲ್ ಹೊಡೆದ. ಇಲ್ಲಿ ಗೆರೆಯ ಹಂಗೇ ಇಲ್ಲ ಎಂಬುದನ್ನು ಅವನ ಕೈ ಮರೆತಿತ್ತು. ಆಕೆ ಬಿಳಿ ಚೆಂಡನ್ನು ನಿಧಾನವಾಗಿ ತನಗೆ ಬೇಕಾದ ಕಡೆ ಇಟ್ಟುಕೊಂಡು ಒಂದಾದ ಮೇಲೊಂದು ಹಾಕಿ ಮುಗಿಸಿದಳು. ಅಣ್ಣನ ಮುಖ ಸಣ್ಣಗಾಯಿತು. ಎರಡನೆಯ ಆಟ ನಾವು ಗೆದ್ದೆವು. ಆಕೆ ಪ್ರತಿ ಹೊಡೆತಕ್ಕೂ ಮುಂಚೆ ಕಣ್ಣು ಮುಚ್ಚಿ ಉಸಿರೆಳೆದು ನಿಲ್ಲುತ್ತಿದ್ದಳು. ಅದನ್ನು ನೋಡಿ ನೋಡಿ ನನಗೆ ಹುಚ್ಚೇ ಹಿಡಿಯುವುದೊಂದು ಬಾಕಿ.

ಮೂರನೆಯ ಆಟದ ಕೊನೆಗೆ ನಮ್ಮದು ಒಂದು ಚೆಂಡು, ಆಮೇಲೆ ಕರಿ. ಹೊಡೆಯುವ ಸರದಿ ನನ್ನದು. ಗುಂಡಿಯ ದಾರಿಗೆ ಅವರ ಚೆಂಡೊಂದು ಅರ್ಧ ಅಡ್ಡ ಕೂತಿತ್ತು. ಟೇಬಲ್ಲಿನ ಮೇಲೆ ಬಗ್ಗಿದೆ. ಮನೆಯಿಂದ ಹೊರಡುವ ಗಡಿಬಿಡಿಯಲ್ಲಿ ವೇಲಿಗೆ ಒಂದೇ ಪಿನ್ ಚುಚ್ಚಿದ್ದೆ, ಅದು ಕಳಚಿತು. ವೇಲು ಜಾರಿ ಆ ಚೆಂಡಿಗೆ ತಾಗಿತು. ಚೆಂಡು ಒಂದು ಉಗುರಿನಷ್ಟು ಸರಿಯಿತು. ದಾರಿ ಬಿಟ್ಟುಕೊಟ್ಟಿತು.

ಆಕೆ ನೀರು ಕುಡಿಯುತ್ತಿದ್ದಳು. ಮೆಡಿಕಲ್ ಸ್ಟೋರಿನವರು ಫೋನ್ ನೋಡುತ್ತಿದ್ದರು. ಅಣ್ಣ ಕಿಟಕಿಯ ಕಡೆ ತಿರುಗಿಕೊಂಡು ತನ್ನ ಕೋಲಿನ ತುದಿಗೆ ಚಾಕ್ ತಿಕ್ಕುತ್ತಿದ್ದ. "ಮುಟ್ಟಿತು" ಎಂಬ ಮಾತು ಗಂಟಲಿಗೆ ಬಂದಿತ್ತು. ಇಲ್ಲಿ ಇದು ಫೌಲ್ ಅಲ್ಲವಲ್ಲ ಎಂದುಕೊಂಡೆ. ಯಜಮಾನರು ಹೇಳಿದ್ದರಲ್ಲಿ ಮೊದಲರ್ಧವನ್ನು ಹಿಡಿದುಕೊಂಡೆ, ಎದುರಿನವರಿಗೆ ಹೇಳಬೇಕೆಂಬ ಉಳಿದರ್ಧವನ್ನು ಗೊತ್ತಿದ್ದೂ ಬಿಟ್ಟೆ. ಹೊಡೆದೆ, ಬಿತ್ತು. ಕರಿ ಚೆಂಡನ್ನೂ ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಬಂದು ನನ್ನ ಕೈ ಕುಲುಕಿದಳು.

ವಾಪಸ್ ಬರುವಾಗ ಸ್ಕೂಟರ್ ಓಡಿಸುತ್ತಿದ್ದವಳು ನಾನೇ. ಹಿಂದೆ ಕೂತ ಅಣ್ಣನಿಗೆ ಎಂದೂ ಇಲ್ಲದ ಉತ್ಸಾಹ. ಮೇಷ್ಟ್ರಿಗೆ ಹೇಗೆ ಹೇಳಬೇಕು ಅಂತ ಆಗಲೇ ಲೆಕ್ಕ ಹಾಕುತ್ತಿದ್ದ. ಸಿಗ್ನಲ್‌ನಲ್ಲಿ ನಿಂತಾಗ ಕೇಳಿದ, "ಅಲ್ಲ, ಆ ಕೊನೇ ಬಾಲ್ ಎಂಗೆ ಹಾಕ್ಬುಟ್ಟೆ? ನಾನು ನೋಡ್ದಾಗ ಜಾಗಾನೇ ಇರ್ಲಿಲ್ಲ."

ಅವನು ಕೇಳಿದ್ದು ಮೆಚ್ಚುಗೆಯಿಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನನ್ನ ಕಥೆ.

"ಅದು ಅಲ್ಲಿ ಫೌಲ್ ಅಲ್ಲ!" ಎಂದು ಕಿರುಚಿಬಿಟ್ಟೆ.

"ಯಾವ್ದು?"

ಸಿಗ್ನಲ್ ಬಿಟ್ಟಿತು. ಹಿಂದಿನವರು ಹಾರ್ನ್ ಮಾಡತೊಡಗಿದರು. ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಹೇಳುತ್ತಲೇ ಸಿಟ್ಟೂ ಬಂತು.

"ನೀನು ಬೇಕಂತ್ಲೇ ಫೌಲ್ ಹೊಡೆದು ರೂಲ್ಸಲ್ಲಿದೆ ಅಂತೀಯಲ್ಲ, ಅದೇನು ಭಾರೀ ನ್ಯಾಯಾನಾ?"

"ನಾನು ಹೇಳಿ ಹೊಡೀತೀನಿ ಕಣೇ" ಎಂದ. ದನಿ ಏರಿಸಲಿಲ್ಲ. "ನೀನು ಅವರಿಗೂ ಹೇಳ್ಲಿಲ್ಲ. ಹೋಗ್ಲಿ, ನಂಗಾದ್ರೂ ಹೇಳ್ಬೋದಿತ್ತು."

ಮರುದಿನ ಕೆಫೆಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, ಗೆಲುವು ಅವರಿಗೇ ಹೋಗಲಿ ಎಂದೆ. "ಅಯ್ಯೋ ಬುಡಿ ಮೇಡಂ, ಆಕೆ ಊರಿಗೆ ಹೊರಟೂ ಆಯ್ತು. ಒಂದು ಚೂರು ಅಲುಗಿದ್ದಕ್ಕೆ ಇಷ್ಟೆಲ್ಲಾನಾ?" ಎಂದು ಯಜಮಾನರು ನಕ್ಕರು. ನಾನು ಮೋಸ ಮಾಡಿದ ಕಡೆ ಅದರ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ. ಅಣ್ಣನಿಗೂ ಫೋನ್ ಮಾಡಿ ತಿಳಿಸಿದೆ. "ಒಳ್ಳೇದಾಯ್ತು" ಎಂದ.

ಮುಂದಿನ ಭಾನುವಾರ ಹಾಲ್‌ಗೆ ಹೋದೆ. ಹೋಗದೆ ಮನೆಯಲ್ಲಿ ಕೂರುವುದು ನನ್ನ ಕೈಲಾಗುವ ಮಾತಲ್ಲ. ಅಣ್ಣ ಎಂದಿನಂತೆ ಬಾ ಎಂದ, ಕಾಫಿ ತರಿಸಿದ, ಚೆಂಡುಗಳನ್ನು ಜೋಡಿಸಿದ. ಎಲ್ಲ ಮರೆತಿದ್ದಾನೆ ಎಂದುಕೊಂಡು ಕೋಲು ಕೈಗೆತ್ತಿಕೊಂಡೆ. ಆಗ ಅವನು ತಲೆಯೆತ್ತಿ ಕೇಳಿದ.

"ಇವತ್ತು ಯಾವ ರೂಲ್ಸು? ಇಲ್ಲೀದಾ, ಅಲ್ಲೀದಾ?"

ಆ ಹಾಲ್‌ನಲ್ಲಿ ಹಾಗೆ ಯಾರೂ ಯಾರನ್ನೂ ಕೇಳುವುದಿಲ್ಲ. ಅಷ್ಟು ವರ್ಷಗಳಲ್ಲಿ ನನ್ನನ್ನು ಅವನೂ ಕೇಳಿರಲಿಲ್ಲ. "ಇಲ್ಲೀದೇ ಕಣೋ" ಎಂದೆ. ಸರಿ ಎಂದು ತಲೆಯಾಡಿಸಿ ಆಟ ಶುರುಮಾಡಿದ.

ಅದಾಗಿ ತಿಂಗಳುಗಳು ಕಳೆದವು. ಪ್ರತಿ ಭಾನುವಾರವೂ ಕೇಳುತ್ತಾನೆ, ನಾನು ಅದೇ ಉತ್ತರ ಕೊಡುತ್ತೇನೆ. ಅವನ ಮುಖದಲ್ಲಿ ಕೊಂಕು ಏನಾದರೂ ಇದೆಯೇ ಎಂದು ಹುಡುಕುತ್ತೇನೆ. ಇದ್ದಿದ್ದರೆ ಒಂದು ದೊಡ್ಡ ಜಗಳ ತೆಗೆದು ಮುಗಿಸಿಬಿಡುತ್ತಿದ್ದೆ. ಇಲ್ಲ. ಚೆಂಡು ಮುಟ್ಟಿದರೆ ನಾನು ಹೇಳುತ್ತೇನೋ ಇಲ್ಲವೋ ಅವನಿಗೆ ನಿಜವಾಗಿಯೂ ಗೊತ್ತಿಲ್ಲ, ಅದಕ್ಕೇ ಕೇಳುತ್ತಾನೆ.