ಜಮನಾಬೆನ್ ಕೂತ ಮೇಜು

ಬ್ಲೀಚಿಂಗ್ ಪೌಡರಿನ ವಾಸನೆಗೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಹಸಿವಾಗುತ್ತದೆ. ಏನು ಮಾಡಲಿ, ನನ್ನ ಬಾಲ್ಯದ ಒಂದಿಡೀ ತಿಂಗಳು ಆ ವಾಸನೆ ಮತ್ತು ಸಾಂಬಾರಿನ ವಾಸನೆಯ ನಡುವೆ ಕಳೆಯಿತು. ಸೂರತ್ತಿನಲ್ಲಿ, ವಜ್ರ ಉಜ್ಜುವ ಕಾರ್ಖಾನೆಗಳ ಗಲ್ಲಿಯಲ್ಲಿ, ಅಪ್ಪನದೊಂದು ಉಡುಪಿ ಹೋಟೆಲಿತ್ತು. ಅದರ ಮಾಳಿಗೆಯಲ್ಲೇ ನಮ್ಮ ಮನೆ. ನನಗೆ ಹತ್ತು ವರ್ಷವಾಗಿದ್ದಾಗ ಪ್ಲೇಗಿನ ಸುದ್ದಿ ಹಬ್ಬಿತು. ನೋಡನೋಡುತ್ತಲೇ ಊರಿಗೆ ಊರೇ ರೈಲು ಹತ್ತಿತು. ಹಗಲೆಲ್ಲ ಗುಂಯ್‌ಗುಡುತ್ತಿದ್ದ ವಜ್ರದ ಚಕ್ರಗಳು ನಿಂತವು. ಅಪ್ಪ ಕುಂದಾಪುರಕ್ಕೆ ಹೊರಡಲು ಟ್ರಂಕು ತುಂಬಿದರು. ಅಮ್ಮ ಅಡುಗೆಮನೆಯಿಂದ ಕದಲಲಿಲ್ಲ.

"ನಾಳಿಗೆ ಅಕ್ಕಿ ನೆನಿ ಹಾಕಿ ಆಯ್ತ್. ನಾನ್ ಎಲ್ಲಿಗೂ ಬತ್ತಿಲ್ಲೆ," ಎಂದಳು. ನೆನೆಸಿದ ಅಕ್ಕಿಯನ್ನು ಬಿಟ್ಟುಹೋಗುವ ಹೆಂಗಸಲ್ಲ ಅವಳು. ಮರುದಿನ ಮತ್ತೆ ನೆನೆಹಾಕಿದಳು. ಹಾಗೇ ನಾವು ಉಳಿದೆವು.

ಇಡ್ಲಿ ತಿನ್ನಲು ಯಾರಿದ್ದರು? ಕಸ ಗುಡಿಸುವವರು ಮಾತ್ರ. ಜಮನಾಬೆನ್ ಮತ್ತು ಅವಳ ಜೊತೆಯ ಐದಾರು ಜನ ಬೆಳಗಾದರೆ ಚರಂಡಿ ಬಳಿದು, ಪುಡಿ ಎರಚಿ, ಬಿಳಿಬಿಳಿಯಾಗಿ ಬರುತ್ತಿದ್ದರು. ಅದುವರೆಗೆ ಅವರಿಗೆ ಹಿಂಬಾಗಿಲಲ್ಲಿ, ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದೆವು. ಹೌದು, ನಮ್ಮ ಹೋಟೆಲಿನಲ್ಲೇ! ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ತಿಂಗಳು ಅಮ್ಮ ಆ ಲೋಟಗಳನ್ನು ಎಸೆದು, ಅವರನ್ನು ಒಳಗೆ ಕರೆದು, ಮುಂದಿನ ಮೇಜಿನಲ್ಲೇ ಕೂರಿಸಿದಳು.

ತಿಂಗಳು ಕಳೆದು ಚಕ್ರಗಳು ಮತ್ತೆ ತಿರುಗಿದವು. ಎದುರಿನ ಕಾರ್ಖಾನೆಯ ಮಾಲೀಕ ಮನಸುಖಭಾಯಿ ಹಿಂದಿರುಗಿದ. ಅವನ ಕೆಲಸಗಾರರಿಗೆ ದಿನಾ ಹೋಗುತ್ತಿದ್ದ ತಿಂಡಿಯಿಂದಲೇ ನಮ್ಮ ಹೋಟೆಲು ನಡೆಯುತ್ತಿತ್ತು. ಮುಂದಿನ ಮೇಜು ನೋಡಿ ಅವನು ಮುಖ ಸಿಂಡರಿಸಿದ. ಇವರನ್ನು ಮೊದಲಿನಂತೆ ಹಿಂದಕ್ಕೆ ಕಳಿಸಿ, ಇಲ್ಲವಾದರೆ ನಾಳೆಯಿಂದ ತಿಂಡಿ ಬೇಡ ಎಂದು ಅಪ್ಪನಿಗೆ ಹೇಳಿದ. ಜಮನಾಬೆನ್ ತಟ್ಟೆಯಿಂದ ಕೈ ತೆಗೆದಳು. ಕಾರ್ಖಾನೆಯ ಗಿರಾಕಿಗಳೆದುರು ಎಂದೂ ಬಾರದ ಅಮ್ಮ ಹಿಟ್ಟಿನ ಕೈಯಲ್ಲೇ ಹೊರಬಂದು, ತನ್ನ ಹರಕು ಹಿಂದಿಯಲ್ಲಿ ಹೇಳಿದಳು: "ಆಪ್ ಭಾಗ್ ಗಯಾ. ಯೇ ಲೋಗ್ ನಹೀ ಭಾಗಾ. ಯೇ ಇಧರ್ ಹೀ ಬೈಠೇಗಾ." ನೀವು ಓಡಿಹೋದಿರಿ, ಇವರು ಓಡಲಿಲ್ಲ, ಇವರು ಇಲ್ಲೇ ಕೂರುತ್ತಾರೆ ಎಂದು.

ಮರುದಿನದಿಂದ ಅವನ ತಿಂಡಿ ನಿಂತೇಹೋಯಿತು. ನಾವೇನೂ ಸಾಯಲಿಲ್ಲ. ಇಬ್ಬರು ಮಾಣಿಗಳು ಬಿಟ್ಟುಹೋದರು, ಅಪ್ಪ ತಾವೇ ತಟ್ಟೆ ತೊಳೆದರು. ಇನ್ನೂ ಆರು ವರ್ಷ, ಕಟ್ಟಡ ಕೆಡವುವವರೆಗೂ, ಆ ಮೇಜು ಅಲ್ಲೇ ಇತ್ತು.

ಈಗ ಆ ಗಲ್ಲಿಯಲ್ಲಿ ನಮ್ಮದೆನ್ನುವ ಒಂದು ಕಲ್ಲೂ ಇಲ್ಲ. ಅಮ್ಮ ತೀರಿಹೋದ ವಾರ, ಕುಂದಾಪುರದ ಮನೆಗೆ ಬಂದವರೆಲ್ಲ ಅವಳ ಕೈರುಚಿಯನ್ನು ಹೊಗಳುತ್ತಿದ್ದರು. ಅಪ್ಪ ನನ್ನನ್ನು ಜಗಲಿಗೆ ಕರೆದರು.

"ಆವತ್ತ್ ಅವಳ್ ಹೊರಗ್ ಬರ್ದೇ ಇದ್ದಿದ್ರೆ," ಎಂದರು, "ನಾನ್ ಅವರನ್ನ ಎಬ್ಸಿ ಕಳ್ಸ್ತಿದ್ದೆ ಮಗಾ."